ಪುಟ್ಟನ ಅಕ್ಷರ ಹಲಗೆಯ ಬಗ್ಗೆ ಅಕ್ಕ-ಭಾವನವರಿಗೆ

ಮೆಲ್ಬರ್ನ್

ಪೂಜ್ಯ ಅಕ್ಕ ಹಾಗೂ ಭಾವನವರಿಗೆ ನಿಮ್ಮ ತಂಗಿ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಪುಟ್ಟನ ಹೊಸ ಅಕ್ಷರ ಹಲಗೆಯ ವಿಷಯ ತಿಳಿಸಿದ ನಿಮ್ಮ ಪತ್ರವನ್ನು ಓದಿದೆ. ಜೊತೆಗೆ ಕಳುಹಿಸಿದ ವಿಡಿಯೊವನ್ನು ಹಲವು ಸಲ ನೋಡಿದೆ. ಒಂಬತ್ತು ವರ್ಷಗಳಾದರೂ ಒಂದು ಮಾತನ್ನೂ ಆಡದ ಮಗು, ಹಲಗೆಯ ಮೇಲೆ ಬರೆದ ಅಕ್ಷರಗಳಿಗೆ ಒಂದೊಂದಾಗಿ ಬೆರಳಿಟ್ಟು "ಅಮ್ಮ, ನೀನೆಂದರೆ ನನಗೆ ಇಷ್ಟ" ಎಂದು ತಿಳಿಸಿದಾಗ ಅಕ್ಕ ಎಷ್ಟು ಅತ್ತಿರಬಹುದೆಂದು ಬಲ್ಲೆ. ಹಾಗಾಗಿಯೇ ಈ ಉತ್ತರ ಬರೆಯಲು ಮೂರು ವಾರ ಹಿಡಿಯಿತು. ಆ ವಾಕ್ಯ ಪುಟ್ಟನದೇ ಎಂದು ನಂಬಲು ವಿಡಿಯೊದಲ್ಲಿ ಕಾಣುವುದಷ್ಟೇ ಸಾಲದು. ಹಲಗೆಯನ್ನು ಶಿಕ್ಷಕಿ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ, ಪುಟ್ಟ ಬೆರಳು ಚಾಚಿದಾಗಲೆಲ್ಲ ಅದು ಒಂದಿಷ್ಟು ಸರಿಯುತ್ತದೆ, ಎರಡು ಕಡೆ ಅವನ ಕಣ್ಣು ಹಲಗೆಯ ಮೇಲೆ ಇಲ್ಲವೇ ಇಲ್ಲ. ಆ ಶಿಕ್ಷಕಿ ಮೋಸ ಮಾಡುತ್ತಿದ್ದಾರೆಂದು ನಾನು ಹೇಳುತ್ತಿಲ್ಲ. ನಾನೇ ಈ ತಪ್ಪನ್ನು ಮಾಡಿದ್ದೇನೆ.

ಸ್ಪೀಚ್ ಥೆರಪಿಯ ತರಬೇತಿಗೆಂದು ಇಲ್ಲಿನ ಕೇಂದ್ರಕ್ಕೆ ಸೇರಿದ ಹೊಸತರಲ್ಲಿ, ಮಾತು ಬಾರದ ಒಬ್ಬ ಯುವಕನಿಗೆ ಅಕ್ಷರ ತೋರಿಸುವುದನ್ನು ಕಲಿಸುತ್ತಿದ್ದೆ. ಅವನಿಗೆ ಸುಲಭವಾಗಲಿ ಎಂದು ಹಲಗೆಯನ್ನು ಎತ್ತಿ ಹಿಡಿಯುತ್ತಿದ್ದೆ. ಕೆಲವೇ ದಿನಗಳಲ್ಲಿ ಅವನು ಪೂರ್ಣ ವಾಕ್ಯಗಳನ್ನು ಹೇಳತೊಡಗಿದನೆಂದು ಸಂಭ್ರಮಪಟ್ಟೆ. ನಮ್ಮ ಹಿರಿಯ ಚಿಕಿತ್ಸಕಿ ಏನೂ ಹೇಳದೆ ನನ್ನನ್ನು ಹೊರಗೆ ಕಳುಹಿಸಿ ಅವನಿಗೊಂದು ಚಿತ್ರ ತೋರಿಸಿದರು, ಅವನಿಗೆ ಕಾಣದಂತೆ ನನಗೆ ಇನ್ನೊಂದು ಚಿತ್ರ ತೋರಿಸಿದರು. ಅವನು ನೋಡಿದ್ದು ಶೂ, ನಾನು ನೋಡಿದ್ದು ಬೀಗದ ಕೈ. ಹಲಗೆಯ ಮೇಲೆ ಮೂಡಿದ ಪದ ಬೀಗದ ಕೈ. ನನ್ನ ಕೈ ಅಲುಗಿದ್ದು ನನಗೆ ತಿಳಿಯಲೇ ಇಲ್ಲ. ವಿಡಿಯೊವನ್ನು ನಿಧಾನವಾಗಿ ಓಡಿಸಿದಾಗ ಮಾತ್ರ ಕಂಡಿತು. ಆ ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಅಷ್ಟು ದಿನ ನಾನು ಅವನ ಬಾಯಲ್ಲಿ ನನ್ನ ಮಾತನ್ನು ತುರುಕುತ್ತಿದ್ದಾಗ, ಅವನು ನಿಜವಾಗಿ ಹೇಳಬೇಕೆಂದಿದ್ದದ್ದು ಏನಾಗಿತ್ತು?

ಇದಕ್ಕೊಂದು ಹಳೆಯ ಉದಾಹರಣೆಯಿದೆ. ಗೊರಸು ಬಡಿದು ಲೆಕ್ಕ ಹೇಳುತ್ತಿದ್ದ ಹ್ಯಾನ್ಸ್ ಎಂಬ ಕುದುರೆಯನ್ನು ಜರ್ಮನಿಯಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ 1907ರಲ್ಲಿ ಬರೆದರು: ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಅದು ನೋಡುತ್ತಿದ್ದುದು ಅವನ ತಲೆಯ ಅತಿ ಸೂಕ್ಷ್ಮ ಚಲನೆಯನ್ನು. ಮಗುವನ್ನು ಕುದುರೆಗೆ ಹೋಲಿಸಿದಳೆಂದು ನೊಂದುಕೊಳ್ಳಬೇಡಿ; ಕೇಳುವವರ ಮೈ ಅವರಿಗೇ ಅರಿವಿಲ್ಲದೆ ಉತ್ತರ ಹೇಳಿಬಿಡುತ್ತದೆ ಎಂಬುದಕ್ಕಾಗಿ ಇದನ್ನು ಬರೆದೆ. ಇದೇ ಮೆಲ್ಬರ್ನಿನಲ್ಲಿ 1970ರ ದಶಕದಲ್ಲಿ ರೋಸ್‌ಮೇರಿ ಕ್ರಾಸ್ಲಿಯವರು, ಮಾತನಾಡಲಾಗದವರ ಕೈಗೆ ಆಸರೆ ಕೊಟ್ಟು ಅಕ್ಷರ ತೋರಿಸುವ ವಿಧಾನವನ್ನು ಆರಂಭಿಸಿದರು. ಅದು ಅಮೆರಿಕದಲ್ಲಿಯೂ ಹಬ್ಬಿತು. 1993ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಕೇಂದ್ರದಲ್ಲಿ 12 ಮಂದಿ ಆಟಿಸಂ ಉಳ್ಳವರನ್ನು ಅವರ ಸಹಾಯಕರೊಡನೆ ಹೀಗೆಯೇ ಬೇರೆ ಬೇರೆ ಚಿತ್ರ ತೋರಿಸಿ ಪರೀಕ್ಷಿಸಿದಾಗ, ಸಹಾಯಕರಿಗೆ ತಿಳಿಯದ ಒಂದು ಚಿತ್ರದ ಹೆಸರೂ ಸರಿಯಾಗಿ ಬರಲಿಲ್ಲ. ಕೈ ಮುಟ್ಟದೆ ಹಲಗೆಯನ್ನು ಎದುರಿಗೆ ಹಿಡಿಯುವ, ಸೋಮಾ ಮುಖೋಪಾಧ್ಯಾಯ ಅವರು ತಮ್ಮ ಮಗನಿಗೆ ಕಲಿಸುತ್ತ ರೂಪಿಸಿದ ವಿಧಾನವನ್ನೂ ಅಮೆರಿಕದ ವಾಕ್-ಭಾಷೆ-ಶ್ರವಣ ತಜ್ಞರ ಸಂಘ 2018ರಲ್ಲಿ ಶಿಫಾರಸು ಮಾಡಲಿಲ್ಲ.

ಇದರಿಂದ ಪುಟ್ಟನಿಗೆ ಏನೂ ತಿಳಿಯದು ಎಂದಾಗುವುದಿಲ್ಲ, ಅಕ್ಕ. ಅವನಿಗೆ ಏನು ತಿಳಿದಿದೆ ಎಂಬುದು ನಮಗೆ ಇನ್ನೂ ಗೊತ್ತಾಗಿಲ್ಲ ಎಂದಷ್ಟೇ. ಮಾತು ಬಾರದ ಮಕ್ಕಳಿಗೆ ಓದು ಏಕೆ ಎಂದು ಅಕ್ಷರ ಕಲಿಸುವುದನ್ನೇ ಕೈಬಿಡುವವರ ಮೇಲೆ ನನಗೆ ಹೆಚ್ಚು ಸಿಟ್ಟಿದೆ. ಅಕ್ಷರ ತೋರಿಸಿ ಮಾತನಾಡುವುದು ನಿಜವಾಗಿಯೂ ಸಾಧ್ಯ. 1985ರಲ್ಲಿ ಶಸ್ತ್ರಚಿಕಿತ್ಸೆಯಿಂದ ಧ್ವನಿ ಕಳೆದುಕೊಂಡ ಸ್ಟೀಫನ್ ಹಾಕಿಂಗ್, ಎದುರಿದ್ದವರು ಕಾರ್ಡಿನ ಮೇಲೆ ಸರಿಯಾದ ಅಕ್ಷರಕ್ಕೆ ಬಂದಾಗ ಹುಬ್ಬೇರಿಸಿ ಪದಗಳನ್ನು ಕಟ್ಟುತ್ತಿದ್ದರು. ಅಲ್ಲಿ ಆಯ್ಕೆ ಅವರ ಹುಬ್ಬಿನದಾಗಿತ್ತು.

ನೀವು ಮಾಡಬೇಕಾದದ್ದು ಇಷ್ಟು. ಹಲಗೆಯನ್ನು ಮೇಜಿಗೆ ಭದ್ರವಾಗಿ ಅಂಟಿಸಿ, ನಿಮ್ಮ ಕೈಗಳು ನಿಮ್ಮ ತೊಡೆಯ ಮೇಲಿರಲಿ. ಬೆರಳು ನಿಲ್ಲದಿದ್ದರೆ ಮುಷ್ಟಿಯಿಂದ ತೋರಿಸಲಿ, ಅಕ್ಷರಗಳನ್ನು ದೊಡ್ಡದಾಗಿ ದೂರ ದೂರ ಬರೆಯಿರಿ. ಅಕ್ಷರಗಳೊಂದಿಗೆ ಚಿತ್ರಗಳೂ ಇರಲಿ, ಏಕೆಂದರೆ ಓದು ಬರುವವರೆಗೆ ಅವನು ಮೂಕನಾಗಿ ಕಾಯಬಾರದು. ನೀವು ಮಾತನಾಡುವಾಗ ನೀವೂ ಅದೇ ಹಲಗೆಯ ಮೇಲೆ ತೋರಿಸುತ್ತ ಮಾತನಾಡಿ. ಕೇಳಿಸಿಕೊಳ್ಳದೆ ಯಾವ ಮಗುವೂ ಮಾತು ಕಲಿಯುವುದಿಲ್ಲವಷ್ಟೆ, ಹಾಗೆಯೇ ಇದು. ಒಂದು ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ ಕಾಯಿರಿ. ಭಾವನವರಿಗೆ ಇದು ಕಷ್ಟವೆಂದು ಗೊತ್ತು.

ಕನ್ನಡದ ಹಲಗೆಗೆ ಒಂದು ವಿಶೇಷ ಅನುಕೂಲವಿದೆ. ಕಾಗುಣಿತವನ್ನೆಲ್ಲ ಬರೆಯಲು ಹೊರಟರೆ ಯಾವ ಮೇಜೂ ಸಾಲದು, ಆದರೆ ಸ್ವರ ಮತ್ತು ವ್ಯಂಜನಗಳನ್ನು ಬೇರೆಯಿಟ್ಟು, ನ, ಈ, ರ, ಉ ಎಂದು ತೋರಿಸಿದರೆ "ನೀರು" ಎಂದು ನೀವು ಓದಬಹುದು. ವರ್ಗೀಯ ವ್ಯಂಜನಗಳು 25. ಐದರ ಐದು ಸಾಲುಗಳು ಆಗಲೇ ಸಿದ್ಧವಾಗಿವೆ. ಕೈಯೇ ಏಳದ ದಿನ "ಕ ವರ್ಗವೇ, ಚ ವರ್ಗವೇ" ಎಂದು ಸಾಲು ಕೇಳಿ, ಅವನು ಕಣ್ಣೆತ್ತಿದ ಸಾಲಿನಲ್ಲಿ ಒಂದೊಂದೇ ಅಕ್ಷರ ಕೇಳಿದರೆ, ಕೊನೆಯ "ಮ" ಕೂಡ 25ರ ಬದಲು 10 ಪ್ರಶ್ನೆಗಳಲ್ಲಿ ಸಿಗುತ್ತದೆ. ಇದನ್ನು ಇಲ್ಲಿಯವರಿಗೆ ಹೇಳಿದಾಗ ನಮ್ಮ ವರ್ಣಮಾಲೆಯ ಜೋಡಣೆಗೆ ಅವರು ಬೆರಗಾದರು.

ನಿಧಾನಕ್ಕೆ ಹೆದರಬೇಡಿ. ಆ ಯುವಕನ ಹಲಗೆಯನ್ನು ಸ್ಟ್ಯಾಂಡಿಗೆ ಬಿಗಿದ ಮೇಲೆ ವಾಕ್ಯಗಳೆಲ್ಲ ಮಾಯವಾದವು. ವಾರಗಟ್ಟಲೆ ಅವನು ತೋರಿಸಿದ್ದು ಡಬ್ಲ್ಯು ಎಂಬ ಒಂದೇ ಅಕ್ಷರ. ನಾವು ವಾಟರ್ ಎಂದುಕೊಂಡು ನೀರು ಕೊಡುತ್ತಲೇ ಇದ್ದೆವು, ಅವನು ತಳ್ಳುತ್ತಲೇ ಇದ್ದ. ಕೊನೆಗೆ ಆ ಅಕ್ಷರದ ಹಲವು ಚಿತ್ರಗಳನ್ನು ಹರಡಿದಾಗ ಮುಷ್ಟಿಯನ್ನು ವಿಂಡೋ, ಅಂದರೆ ಕಿಟಕಿಯ, ಚಿತ್ರದ ಮೇಲಿಟ್ಟ. ಬೆನ್ನ ಹಿಂದಿನ ಕಿಟಕಿಯಿಂದ ಅವನ ಕುತ್ತಿಗೆಗೆ ಅಷ್ಟು ದಿನವೂ ತಣ್ಣನೆಯ ಗಾಳಿ ಬೀಸುತ್ತಿತ್ತು.

ಮುಂದಿನ ತಿಂಗಳು ಒಂದು ವಿಡಿಯೊ ಕಳುಹಿಸಿ. ಭಾವನವರು ಬೇರೆ ಕೋಣೆಯಲ್ಲಿ ಪುಟ್ಟನಿಗೆ ಯಾವುದಾದರೂ ವಸ್ತು ತೋರಿಸಲಿ. ಅದೇನೆಂದು ಅರಿಯದ ಅಕ್ಕ ಹಲಗೆಯ ಮುಂದೆ ಕೂತು, ಚಿತ್ರವನ್ನೋ ಮೊದಲ ಅಕ್ಷರವನ್ನೋ ಅವನೇ ತೋರಿಸುವವರೆಗೆ ಕಾಯಲಿ. ತಪ್ಪಾದರೂ ಅಳಿಸದೆ ಕಳುಹಿಸಿ. ಪುಟ್ಟನಿಗೆ ಚಿಕ್ಕಮ್ಮನ ಮುತ್ತುಗಳು.

ಇಂತಿ ನಿಮ್ಮ ಪ್ರೀತಿಯ ತಂಗಿ