ಲ್ಯಾಪ್‌ಟಾಪ್ ತಗೊಂಡೇ ಬಾ

ಶಿರಸಿ

ಚಿ. ವಿನಾಯಕನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಉಳಿದ ವಿಷಯಕ್ಕೆ ನಿಧಾನವಾಗಿ ಬರೆಯುತ್ತೇನೆ. ಕೊನೆಯಲ್ಲಿ ಬರೆದಿದ್ದೀಯಲ್ಲ, "ನನ್ನ ಲ್ಯಾಪ್‌ಟಾಪಿನ ವೈರಸ್ ಮನೆಯ ವೈಫೈ ಹಿಡಿದು ಎಲ್ಲರ ಫೋನಿಗೂ ಹೋಗಿದ್ದರೆ? ಅಪ್ಪನ ದುಡ್ಡಿಗೆ ಏನಾದರೂ ಆದರೆ ಅದು ನನ್ನಿಂದಲೇ ಅಲ್ವಾ ಅತ್ತೆ? ಈ ಸಲ ದೊಡ್ಡಹಬ್ಬಕ್ಕೆ ಬರೋದೇ ಬೇಡ ಅನಿಸಿದೆ" ಅಂತ. ಅದನ್ನು ಓದಿದ ಮೇಲೆ ನನಗೆ ಬೇರೆ ಕೆಲಸದ ಮೇಲೆ ಮನಸ್ಸೇ ನಿಲ್ಲಲಿಲ್ಲ. ಬೆಂಗಳೂರಿನ ರೂಮಿನಲ್ಲಿ ಒಬ್ಬನೇ ಕೂತು ಇದನ್ನು ಎಷ್ಟು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೀಯೋ.

ನೀನು ಕೇಳಿದ್ದಕ್ಕೆ ಮೊದಲು ನೇರವಾಗಿ ಹೇಳುತ್ತೇನೆ. ವೈಫೈ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ವೈರಸ್ ಹೋಗಬಹುದಾ ಅಂದರೆ, ಹೋಗಬಹುದು. ಸುಳ್ಳು ಹೇಳಿ ಸಮಾಧಾನ ಮಾಡೋದಿಲ್ಲ. ಆದರೆ ಎಲ್ಲರೂ ಒಂದೇ ವೈಫೈಯಲ್ಲಿ ಇದ್ದ ಮಾತ್ರಕ್ಕೆ ಹೋಗುವುದಿಲ್ಲ. ವೈರಸ್ ಅನ್ನೋದು ಒಂದು ಪ್ರೋಗ್ರಾಂ. ಅದು ಆ ಕಡೆಯ ಯಂತ್ರದಲ್ಲಿ ಓಡಬೇಕು. ಓಡಬೇಕಾದರೆ ಅಲ್ಲಿ ಯಾರಾದರೂ ಅದನ್ನು ತೆರೆಯಬೇಕು. ಇಲ್ಲದಿದ್ದರೆ ಆ ಯಂತ್ರದಲ್ಲಿ ಸರಿಪಡಿಸದ ದೋಷ ಇರಬೇಕು, ಅಥವಾ ಅದರ ಪಾಸ್‌ವರ್ಡ್ ಯಾರು ಬೇಕಾದರೂ ಊಹಿಸುವಷ್ಟು ಸುಲಭವಾಗಿರಬೇಕು. ಅಡಿಕೆ ತೋಟಕ್ಕೆ ಕೊಳೆರೋಗ ಬರುವುದನ್ನು ನೀನು ನೋಡಿದವನೇ. ಮಳೆ ಎಲ್ಲ ಮರಕ್ಕೂ ಒಂದೇ ಸಮ ಹೊಯ್ಯುತ್ತದೆ, ಹನಿ ಸಿಡಿದು ರೋಗ ಒಂದು ಗೊನೆಯಿಂದ ಇನ್ನೊಂದು ಗೊನೆಗೆ ದಾಟುತ್ತದೆ. ಆದರೂ ಹೊತ್ತಿಗೆ ಸರಿಯಾಗಿ ಬೋರ್ಡೋ ದ್ರಾವಣ ಹೊಡೆದ ಗೊನೆಗೆ ಅದು ಅಷ್ಟು ಸುಲಭಕ್ಕೆ ಹತ್ತುವುದಿಲ್ಲ.

2017ರ ಮೇ 12ರಂದು ವನ್ನಾಕ್ರೈ ಅನ್ನುವ ವೈರಸ್ ಬಂತಲ್ಲ, ಆಗ ನೀನು ಹೈಸ್ಕೂಲಿನಲ್ಲಿದ್ದೆ ಅಂತ ಕಾಣುತ್ತದೆ. ಅದು ಯಾರೂ ಏನೂ ಒತ್ತದೆಯೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುತ್ತಿತ್ತು. ವಿಂಡೋಸಿನಲ್ಲಿ ಫೈಲು ಹಂಚಿಕೊಳ್ಳುವ ವ್ಯವಸ್ಥೆ ಇದೆಯಲ್ಲ, ಅದರ ದೋಷ ಹಿಡಿದು ನುಗ್ಗಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಜಾಸ್ತಿ ಕಂಪ್ಯೂಟರು ಹಾಳಾದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಪರೇಷನ್ನುಗಳನ್ನೇ ಮುಂದೆ ಹಾಕಬೇಕಾಯಿತು. ಆದರೆ ಆ ದೋಷಕ್ಕೆ ಮೈಕ್ರೋಸಾಫ್ಟಿನವರು ಮಾರ್ಚ್ 14ರಂದೇ ಅಪ್‌ಡೇಟ್ ಕೊಟ್ಟಿದ್ದರು. ಹಾಕಿಕೊಂಡಿದ್ದ ಕಂಪ್ಯೂಟರಿಗೆ ಅದು ಆ ದಾರಿಯಲ್ಲಿ ಬರಲು ಆಗಲಿಲ್ಲ. ನೀನು ಹೆದರಿದ್ದು ಇಂಥದ್ದನ್ನು ಓದಿಯೇ ಇರಬೇಕು. 2014ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ವೈಫೈಯಿಂದ ವೈಫೈಗೆ ಹರಡುವ ವೈರಸ್ ಮಾಡಿ ತೋರಿಸಿದ ಸುದ್ದಿಯೂ ಸಿಕ್ಕಿರಬಹುದು. ಅದು ಸಂಶೋಧನೆಗೆ ಮಾಡಿದ್ದು. ಅದಕ್ಕೂ ಬೇಕಾಗಿದ್ದು ಸರಿಯಾದ ರಕ್ಷಣೆ ಇಲ್ಲದ ರೌಟರುಗಳೇ, ಅಂದರೆ ವೈಫೈ ಕೊಡುವ ಪೆಟ್ಟಿಗೆಗಳೇ.

ಈಗ ನಿನ್ನ ಲ್ಯಾಪ್‌ಟಾಪಿನ ಮಾತು. ಅದರಲ್ಲಿ ಸಿಕ್ಕಿದ್ದು ಪಾಸ್‌ವರ್ಡ್ ಕದಿಯುವ ಜಾತಿ, ಕ್ರ್ಯಾಕ್ ಮಾಡಿದ ಯಾವುದೋ ಸಾಫ್ಟ್‌ವೇರಿನ ಜೊತೆ ಬಂದದ್ದು ಅಂತ ನಿಮ್ಮ ಆಫೀಸಿನವರು ಹೇಳಿದರು ಎಂದು ನೀನೇ ಬರೆದಿದ್ದೀಯ. ಇಲ್ಲಿ ದೇವಿಕೆರೆ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನನ್ನು ಕೇಳಿದೆ. ಆ ಜಾತಿಯವು ಸಾಮಾನ್ಯವಾಗಿ ತಾವಾಗಿ ಹರಡುವುದಿಲ್ಲ, ಬಂದಲ್ಲಿ ಕೂತು ಸಿಕ್ಕಿದ್ದನ್ನು ಹೊರಗೆ ಕಳಿಸುತ್ತವೆ ಅಂದ. ಇನ್ನು ನಿನ್ನ ಅಪ್ಪನದು ಆಂಡ್ರಾಯ್ಡ್ ಫೋನು. ವಿಂಡೋಸಿಗೆ ಮಾಡಿದ ಪ್ರೋಗ್ರಾಂ ಅದರಲ್ಲಿ ಓಡುವುದೇ ಇಲ್ಲ. ಹಾಗಾಗಿ ನೀನು ಹೆದರಿದ ದಾರಿಯಲ್ಲಿ, ವೈಫೈ ಹಿಡಿದು, ಅದು ಅಪ್ಪನ ಫೋನಿಗೆ ಹೋಗಿಲ್ಲ. ಇದನ್ನು ಮನಸ್ಸಿಗೆ ತಂದುಕೋ.

ನೀನು ಕೇಳದ ಒಂದು ಪ್ರಶ್ನೆ ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ. ಮನೆಯಲ್ಲಿದ್ದಾಗ ಅಪ್ಪನ ಬ್ಯಾಂಕಿನ ಕೆಲಸ ಏನಾದರೂ ಆ ಲ್ಯಾಪ್‌ಟಾಪಿನಲ್ಲಿ ಮಾಡಿಕೊಟ್ಟಿದ್ದೆಯಾ? ಮಾಡಿದ್ದರೆ ಆ ಪಾಸ್‌ವರ್ಡ್ ಬದಲಾಯಿಸಬೇಕು. ಅದರಲ್ಲಿ ಟೈಪ್ ಮಾಡಿದ್ದು, ಬ್ರೌಸರಿನಲ್ಲಿ ಉಳಿಸಿಟ್ಟದ್ದು, ಎಲ್ಲವನ್ನೂ. ಬೇರೆ ಶುದ್ಧವಾದ ಫೋನಿನಿಂದ ಮಾಡು. ಇಂಥ ಮಾತು ನಿನ್ನಂಥ ಓದಿದವನಿಗೆ ಹೇಳಲು ಸಂಕೋಚ. ಆದರೂ ಹೇಳದೆ ಇರಲಾರೆ.

ಇದನ್ನೆಲ್ಲ ಯಾಕೆ ಇಷ್ಟು ಹಚ್ಚಿಕೊಂಡೆ ಅಂತ ನಿನಗೆ ಅನಿಸಬಹುದು. ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ 2009ರ ಮಳೆಗಾಲದಲ್ಲಿ ಕಂಪ್ಯೂಟರುಗಳು ಒಂದಾದ ಮೇಲೊಂದು ಕೆಟ್ಟವು. ಲೆಕ್ಕ ತೆರೆಯುವುದಿಲ್ಲ, ಪಾಸ್‌ವರ್ಡ್ ಹಾಕಿದರೆ ಲಾಕ್ ಅನ್ನುತ್ತದೆ. ಹೊಸದಾಗಿ ಸೇರಿದ್ದ ಒಬ್ಬ ಹುಡುಗ ಇದ್ದ, ಯಲ್ಲಾಪುರದ ಕಡೆಯವನು. ಪೆನ್‌ಡ್ರೈವಿನಲ್ಲಿ ತಾಳಮದ್ದಳೆ ತುಂಬಿಕೊಂಡು ಬಂದು ಊಟದ ಹೊತ್ತಿಗೆ ಕೇಳುತ್ತಿದ್ದ. ಎಲ್ಲರೂ ಅವನ ಕಡೆ ಬೆರಳು ತೋರಿಸಿದರು. ಯಾರೂ ಬೈಯಲಿಲ್ಲ, ಮಾತು ಬಿಟ್ಟರು. ಅವನು ನಮ್ಮ ಜೊತೆ ಕೂತು ಊಟ ಮಾಡುವುದನ್ನೇ ನಿಲ್ಲಿಸಿದ. ಆಮೇಲೆ ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಹಿಡಿದು ಹೋದ.

ರಿಪೇರಿಗೆ ಬಂದವರು ಅದು ಕಾನ್‌ಫಿಕರ್ ಅನ್ನುವ ವೈರಸ್ ಅಂದರು. 2008ರ ನವೆಂಬರಿನಿಂದ ಲೋಕದಲ್ಲೆಲ್ಲ ಹರಡುತ್ತಿದ್ದದ್ದು. ಪೆನ್‌ಡ್ರೈವಿನಿಂದ ಬರುತ್ತಿತ್ತು, ನಿಜ. ಆದರೆ ವಿಂಡೋಸಿನ ದೋಷ ಹಿಡಿದು ನೆಟ್‌ವರ್ಕಿನಲ್ಲೂ ಬರುತ್ತಿತ್ತು, ಸುಲಭದ ಪಾಸ್‌ವರ್ಡುಗಳನ್ನು ತಾನೇ ಹಾಕಿ ನೋಡಿಯೂ ಒಳಗೆ ಬರುತ್ತಿತ್ತು. ನಮ್ಮಲ್ಲಿ ಎಲ್ಲ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್, ಒಂದರಿಂದ ನಾಲ್ಕರವರೆಗಿನ ಅಂಕಿ. ಮೈಕ್ರೋಸಾಫ್ಟಿನವರು 2008ರ ಅಕ್ಟೋಬರಿನಲ್ಲೇ ಕೊಟ್ಟ ಅಪ್‌ಡೇಟ್ ಒಂದು ಕಂಪ್ಯೂಟರಿನಲ್ಲೂ ಇರಲಿಲ್ಲ. ಆ ಹುಡುಗ ಬರದಿದ್ದರೂ ಅದು ಬೇರೆ ಯಾವುದೋ ದಾರಿಯಲ್ಲಿ ಬರುತ್ತಿತ್ತು. ನನಗೆ ಇದೆಲ್ಲ ಅರ್ಥವಾಗುವ ಹೊತ್ತಿಗೆ ಅವನು ಊರು ಬಿಟ್ಟಾಗಿತ್ತು. "ನಿನ್ನದೊಬ್ಬನದೇ ತಪ್ಪಲ್ಲ ಮಾರಾಯ" ಅಂತ ಅವನಿಗೆ ಹೇಳಲು ಸಿಗಲೇ ಇಲ್ಲ. ಆ ಕೊರಗು ಇವತ್ತಿಗೂ ಇದೆ. ನಿನ್ನ ಪತ್ರ ಓದಿದಾಗ ಮೊದಲು ಕಣ್ಣಿಗೆ ಬಂದದ್ದು ಅವನ ಮುಖ.

ನೀನು ತಂದದ್ದು ಒಂದು ಯಂತ್ರ. ಅದರೊಳಗೆ ಏನಿತ್ತು ಅಂತ ನಿನಗೂ ಗೊತ್ತಿರಲಿಲ್ಲ. ಅಷ್ಟಕ್ಕೆ ಹಬ್ಬಕ್ಕೇ ಬರೋದಿಲ್ಲ ಅಂತೀಯಾ?

ಮೊನ್ನೆ ತವರಿಗೆ ಹೋಗಿದ್ದೆ. ನಿನ್ನ ಅಪ್ಪನಿಗೆ ಏನೂ ಹೇಳಿಲ್ಲ. ಸುಮ್ನೆ ಎಲ್ಲ ನೋಡಿಕೊಂಡು ಬಂದೆ. ಟೀವಿ, ಫೋನುಗಳ ಬಗ್ಗೆ ನನಗೆ ಚಿಂತೆ ಇಲ್ಲ. ಎರಡು ವಸ್ತುಗಳ ಮೇಲೆ ಮಾತ್ರ ಅನುಮಾನ. ಒಂದು ನಿನ್ನ ತಂಗಿಯ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಇನ್ನೂ ವಿಂಡೋಸ್ 7 ಇದೆ. ಅದಕ್ಕೆ ಸಾಮಾನ್ಯ ಬಳಕೆದಾರರಿಗೆ ಕೊಡುತ್ತಿದ್ದ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ. ಇನ್ನೊಂದು ಅಡಿಕೆ ಒಣಗಿಸುವ ಅಂಗಳದ ಸಿಸಿ ಕ್ಯಾಮೆರಾ. ಹಾಕಿದವರು ಕೊಟ್ಟ ಪಾಸ್‌ವರ್ಡೇ ಇವತ್ತಿಗೂ ನಡೆಯುತ್ತಿದೆ, ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದ್ದಾರೆ. 2016ರಲ್ಲಿ ಮಿರಾಯ್ ಅಂತ ಒಂದು ವೈರಸ್ ಬಂದಿತ್ತು. ಕಂಪನಿಯವರು ಮೊದಲೇ ಹಾಕಿಕೊಟ್ಟ ಪಾಸ್‌ವರ್ಡುಗಳನ್ನೇ ಪ್ರಯತ್ನಿಸಿ ಇಂಥ ಕ್ಯಾಮೆರಾ, ರೌಟರುಗಳನ್ನು ಲಕ್ಷಗಟ್ಟಲೆ ಹಿಡಿಯಿತು. ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತಿತ್ತು, ಪಾಸ್‌ವರ್ಡ್ ಬದಲಾಯಿಸದಿದ್ದರೆ ಮತ್ತೆ ಬರುತ್ತಿತ್ತು. ನೋಡು, ಈ ಎರಡೂ ನೀನು ತಂದದ್ದಲ್ಲ. ನೀನು ಬರುವುದಕ್ಕೂ ಮೊದಲಿಂದ ಹಾಗೇ ಇವೆ.

ರೌಟರಿನ ಒಳಗಿನ ಪಾಸ್‌ವರ್ಡ್ ಕೂಡ ಬದಲಾಯಿಸಿ, ಅದಕ್ಕೂ ಅಪ್‌ಡೇಟ್ ಇದ್ದರೆ ಹಾಕಬೇಕಂತೆ. ಗೆಸ್ಟ್ ನೆಟ್‌ವರ್ಕ್ ಅಂತ ಒಂದು ಇರುತ್ತದಂತೆ, ಕ್ಯಾಮೆರಾವನ್ನೂ ಬಂದವರ ಫೋನುಗಳನ್ನೂ ಅದಕ್ಕೆ ಸೇರಿಸಿದರೆ ಮನೆಯ ಕಂಪ್ಯೂಟರು ಬೇರೆಯಾಗಿ ಉಳಿಯುತ್ತದೆ. ನನಗಿಂತ ನಿನಗೆ ಚೆನ್ನಾಗಿ ಗೊತ್ತಿರಬಹುದು. ಅಪ್ಪನ ಫೋನಿಗೆ ನಿಜವಾದ ಅಪಾಯ ಬರುವುದು ವಾಟ್ಸ್ಯಾಪಿನಲ್ಲಿ. ಮದುವೆ ಕರೆಯೋಲೆ ಅಂತ ಎಪಿಕೆ ಫೈಲು, ಅಂದರೆ ಫೋನಿನೊಳಗೆ ಆ್ಯಪ್ ಹಾಕುವ ಫೈಲು, ಕಳಿಸುತ್ತಾರಲ್ಲ, ಅದನ್ನು ಒತ್ತಬೇಡಿ ಅಂತ ಅವನಿಗೆ ಹೇಳಿ ಬಂದಿದ್ದೇನೆ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ಆಯಿಯ ಹತ್ತಿರ ಕ್ಯಾಲೆಂಡರಿನ ಮೇಲೆ ಬರೆಸಿದ್ದೇನೆ.

ಕ್ಯಾಮೆರಾ, ರೌಟರಿನ ಕೆಲಸಕ್ಕೆ ರಿಪೇರಿ ಹುಡುಗನನ್ನು ಕರೆಸಬಹುದಿತ್ತು. ಬೇಡ ಅಂದೆ. ನೀನೇ ಬಂದು ಮಾಡು. ನಿನ್ನ ಕೈಯಿಂದ ಸರಿ ಮಾಡಿದರೆ ನಿನ್ನ ಮನಸ್ಸಿನ ಹೆದರಿಕೆಯೂ ಕಡಿಮೆ ಆಗಬಹುದು ಅಂತ ನನ್ನ ಆಸೆ. ಆಫೀಸಿನವರು ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟಿದ್ದಾರಲ್ಲ, ಲ್ಯಾಪ್‌ಟಾಪ್ ತಗೊಂಡೇ ಬಾ. ಟಿಕೆಟ್ ಈಗಲೇ ಮಾಡು, ಹಬ್ಬದ ವಾರ ಶಿರಸಿ ಬಸ್ಸಿನಲ್ಲಿ ಸೀಟು ಸಿಗೋದು ಕಷ್ಟ. ಟಿಕೆಟ್ ಆದ ಕೂಡಲೇ ನನಗೊಂದು ಫೋನ್ ಮಾಡು.

ಇತಿ,
ನಿನ್ನ ಅತ್ತೆ