ಅಪ್ಪ-ದೊಡ್ಡಪ್ಪನ ಚರ್ಚೆಗೆ ನನ್ನ ಹಿತ್ತಿಲಿನ ಸಾಕ್ಷಿ

ಸೇಂಟ್ ಕ್ಯಾಥರೀನ್ಸ್, ಒಂಟಾರಿಯೋ
ಜೂನ್ ತಿಂಗಳು

ಪ್ರೀತಿಯ ಅಪ್ಪ, ಅಮ್ಮ,

ನಾವಿಲ್ಲಿ ಕ್ಷೇಮ. ವಾಯ್ಸ್ ಮೆಸೇಜ್ ಹಾಕಿದ್ರೆ ಅಪ್ಪನಿಗೆ ಅರ್ಧ ಕೇಳ್ಸೂದಿಲ್ಲ, ಉಳಿದರ್ಧಕ್ಕೆ ಅಮ್ಮ ತಮ್ಮದೇ ಮಸಾಲೆ ಸೇರಿಸಿ ಹೇಳ್ತಾರೆ, ಹಾಗಾಗಿ ಕೂತು ಟೈಪ್ ಮಾಡ್ತಿದ್ದೇನೆ, ತಮ್ಮ ಬದಿಯಡ್ಕಕ್ಕೆ ಹೋದಾಗ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡ್ಲಿ. ಗುಡ್ಡ ಕೊರೆದ ಸುರಂಗದ ನೀರು ಈ ಬೇಸಿಗೆಗೆ ಸಾಕಾಯ್ತು ಅಂತ ಕೇಳಿ ಖುಷಿಯಾಯ್ತು. ಇಲ್ಲಿ ಈಗ ರಾತ್ರಿ ಒಂಬತ್ತಕ್ಕೂ ಬೆಳಕು ಇರ್ತದೆ, ಮಕ್ಕಳು ಮಲಗೂದೇ ಇಲ್ಲ, ನನಗೆ ಮಂಡೆ ಬಿಸಿ.

ಹೋದ ಸಲ ಫೋನಲ್ಲಿ ಅಮ್ಮ ಹೇಳಿದ್ರಲ್ಲ, ಚರ್ಚಲ್ಲಿ ಆರಾಧನೆ ಮುಗಿಸಿ ಬಂದು ಅಪ್ಪನಿಗೂ ದೊಡ್ಡಪ್ಪನಿಗೂ ಚಾವಡಿಯಲ್ಲಿ ಜೋರು ಚರ್ಚೆ, ಮೊದಲು ಪಶ್ಚಾತ್ತಾಪವೋ ಮೊದಲು ಕೃಪೆಯೋ ಅಂತ. ಮನುಷ್ಯ ತಿರುಗಿಕೊಳ್ಳದೆ ದೇವರು ಯಾಕೆ ಕೊಡ್ಬೇಕು ಅಂತ ಅಪ್ಪ, ದೇವರು ಕೊಡದೆ ಇವ ತಿರುಗೂದು ಎಲ್ಲಿಂದ ಅಂತ ದೊಡ್ಡಪ್ಪ, ಮೊದಲು ಊಟ ಅಂತ ಅಮ್ಮ. (ಯೇಸು ಹೇಳಿದ ತಪ್ಪಿಹೋದ ಮಗನ ಕಥೆಯಲ್ಲೂ ಕೊನೆಗೆ ಆಗೂದು ಊಟವೇ, ಅಮ್ಮನ ಮಾತಿಗೂ ವಚನದ ಆಧಾರ ಉಂಟು.) ನನ್ನ ಓಟು ದೊಡ್ಡಪ್ಪನಿಗೆ. ಅಪ್ಪ ಸಿಟ್ಟು ಮಾಡ್ಬೇಡಿ, ಪುಸ್ತಕ ಓದಿ ಹೇಳೂದಲ್ಲ, ಇಲ್ಲಿ ಅಡುಗೆಮನೆ ಕಿಟಕಿಯಿಂದ ಕಾಣುವ ಹಿತ್ತಿಲು ನೋಡಿಯೇ ಹೇಳ್ತಿದ್ದೇನೆ.

ಮೊದಲು ಹಿಮದ ವಿಷಯ. ನಿಮ್ಮ ಪಾಪ ಕಡುಕೆಂಪಾಗಿದ್ರೂ ಹಿಮದ ಹಾಗೆ ಬೆಳ್ಳಗಾಗ್ತದೆ, ಯೆಶಾಯ 1:18, ಹಿಮ ಕಣ್ಣಲ್ಲೇ ಕಾಣದೆ ಸಂಡೇ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು. ಇಲ್ಲಿ ಡಿಸೆಂಬರಲ್ಲಿ ಒಂದು ರಾತ್ರಿ ಬಿದ್ರೆ ಸಾಕು, ಕಸದ ಡಬ್ಬ, ಮುರಿದ ಕುರ್ಚಿ, ಓನರ್ ಬಿಟ್ಟುಹೋದ ಹಳೇ ಟಯರು ಎಲ್ಲ ಒಂದೇ ಚಂದ, ಫೋಟೋ ತೆಗೆದು ನಿಮಗೆ ಕಳಿಸೂದು ಅದನ್ನೇ. ಆದ್ರೆ ಮಾರ್ಚ್ ಕೊನೆಗೆ ಕರಗಿದಾಗ ಬಂದು ನೋಡ್ಬೇಕು ಮಾರಾಯ್ರೆ, ಟಯರು ಅಲ್ಲೇ, ಕುರ್ಚಿ ಅಲ್ಲೇ, ಅದರ ಮೇಲೆ ಯಾರದ್ದೋ ನಾಯಿಯ ಇಡೀ ಚಳಿಗಾಲದ ಲೆಕ್ಕ. ದಾವೀದ 51ನೇ ಕೀರ್ತನೆಯಲ್ಲಿ ತೊಳಿ ಅಂತ ಬೇಡ್ತಾನೆ, ನೀನು ತೊಳೆದ್ರೆ ಹಿಮಕ್ಕಿಂತಲೂ ಬೆಳ್ಳಗಾಗ್ತೇನೆ ಅಂತಾನೆ, ಅದು ಯಾಕೆ ಅಂತ ನನಗೆ ಮಾರ್ಚಲ್ಲಿ ಅರ್ಥ ಆದದ್ದು. 32ನೇ ಕೀರ್ತನೆಯಲ್ಲಿ ಯಾರ ಪಾಪ ಮುಚ್ಚಲ್ಪಟ್ಟಿದೆಯೋ ಅವನು ಧನ್ಯ ಅಂತ ಉಂಟಲ್ಲ ಅಂತ ಅಪ್ಪ ಕೇಳ್ತಾರೆ, ಗೊತ್ತುಂಟು. ಅದು ದೇವರು ಮುಚ್ಚಿದ್ದು, ಇವನೇ ಮುಚ್ಚಿಟ್ಟು ಬಾಯಿಬಿಡದೆ ಕೂತಾಗ ಎಲುಬು ಸವೆದುಹೋಯ್ತು ಅಂತ ಅದೇ ಕೀರ್ತನೆಯಲ್ಲೇ ಎರಡು ಗೆರೆ ಕೆಳಗೆ ಉಂಟು.

ಇನ್ನು ಡ್ಯಾಂಡೆಲಿಯನ್. ಹಳದಿ ಹೂವಿನ ಕಳೆ, ಮೇ ತಿಂಗಳಲ್ಲಿ ಹುಲ್ಲು ಪೂರ್ತಿ ಅದೇ. ಮೇಲಿಂದ ಕೈಯಲ್ಲಿ ಎಳೆದ್ರೆ ಎಲೆ ಮಾತ್ರ ಬರ್ತದೆ, ಬೇರು ನೇರ ಕೆಳಗೆ ಇಳಿದಿರ್ತದೆ, ಒಂದು ತುಂಡು ಉಳಿದ್ರೂ ಅದರಿಂದ ಎರಡು ಮೂರು ತಲೆ ಏಳ್ತದೆ. ಇವರು ಶನಿವಾರ ಬಂದ್ರೆ ಕವಲು ತುದಿಯ ಒಂದು ಉದ್ದ ಕಬ್ಬಿಣ ಹಿಡ್ಕೊಂಡು ಅದಕ್ಕೇ ಕೂತ್ಕೊಳ್ಳೂದು. ಒಣಗಿದ ನೆಲದಲ್ಲಿ ಎಷ್ಟು ಬಲ ಹಾಕಿದ್ರೂ ಬೇರು ಪಟ್ ಅಂತ ಮಧ್ಯಕ್ಕೆ ತುಂಡಾಗ್ತದೆ, ಒಳ್ಳೆ ಮಳೆ ಬಂದ ಮರುದಿನ ಅದೇ ಬೇರು ತುದಿ ಸಮೇತ ಬರ್ತದೆ, ಬಂದಾಗ ಮಣ್ಣಿನ ಒಳಗಿಂದ ಒಂದು ಸಣ್ಣ ಶಬ್ದ ಕೂಡ ಕೇಳ್ತದೆ. ಬೇರು ಸಮೇತ ಬರ್ಬೇಕು ಅನ್ನೂದು ಅಪ್ಪನ ಪಾಯಿಂಟ್, ಒಪ್ಪಿದೆ, ಆದ್ರೆ ಮಳೆ ಇವರು ತರಿಸಿದ್ದಲ್ಲ ಅಲ್ವಾ? ರೋಮಾಪುರದವರಿಗೆ 2:4 ತೆಗೆದು ನೋಡಿ, ಮನುಷ್ಯನನ್ನು ತಿರುಗಿಸೂದು ದೇವರ ದಯೆ ಅಂತ ಪೌಲ ಸ್ಪಷ್ಟ ಬರೆದಿದ್ದಾನೆ.

ಇಷ್ಟೆಲ್ಲ ಕೂತು ಅಗೆಯೂದು ಯಾಕೆ, ಸ್ಪ್ರೇ ಹೊಡೆಯಬಾರದಾ ಅಂತ ತಮ್ಮ ಕೇಳಿದ್ದ. ಒಂಟಾರಿಯೋದಲ್ಲಿ 2009ರಿಂದ ಮನೆ ಹುಲ್ಲಿಗೆ ಬರೇ ಅಂದಕ್ಕೋಸ್ಕರ ಕಳೆನಾಶಕ ಹೊಡೆಯೂದು ಬ್ಯಾನ್. ಅದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕಾಸರಗೋಡಿನ ಗುಡ್ಡ. ಅಂದಕ್ಕೆ ಹೊಡೆಯುವ ಒಂದು ಡಬ್ಬಿ ಮದ್ದು ಕೂಡ ಬೇಡ ಅಂತ ಇಲ್ಲಿಯವರು ಕಾನೂನು ಮಾಡಿದ್ದಾರೆ, ನಮ್ಮಲ್ಲಿ ಗೇರು ತೋಟಕ್ಕೆ ಅಂತ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು ಸುರಿದು ಎಣ್ಮಕಜೆಯಿಂದ ಮುಳಿಯಾರಿನ ತನಕ ಮಕ್ಕಳು ಎದ್ದು ನಿಲ್ಲದ ಹಾಗೆ ಆಯ್ತು. 2000ದಲ್ಲಿ ಸ್ಪ್ರೇ ನಿಂತದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ತಡೆದದ್ದು, 2017ರಲ್ಲಿ 5 ಲಕ್ಷ ಪರಿಹಾರ ಮೂರು ತಿಂಗಳಲ್ಲಿ ಕೊಡಿ ಅಂತ ಹೇಳಿದ್ದು, ಆಮೇಲೂ ತಾಯಂದಿರು ಮಕ್ಕಳನ್ನು ಎತ್ಕೊಂಡು ಧರಣಿ ಕೂತದ್ದು, ನಿಮಗೆ ನಾನು ಹೇಳ್ಬೇಕಾ. ಇಲ್ಲಿ ನಾನು ಅಪ್ಪನ ಬದಿ. ಬಾಯಿಮಾತಿನ ಬೇಸರಕ್ಕೆ ಪಶ್ಚಾತ್ತಾಪ ಅನ್ಲಿಕ್ಕೆ ನನಗೆ ಆಗೂದಿಲ್ಲ. ಬೈಬಲಿನ ಸುಂಕದವ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ ಕೊಟ್ಟ, ಮೋಸ ಮಾಡಿ ತಕ್ಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ ಕೊಡ್ತೇನೆ ಅಂದ, ಅದು ಲೆಕ್ಕ. ಆದ್ರೂ ಅಪ್ಪ, ಅವ ಹಾಗೆ ಹೇಳಿದ್ದು ಯಾವಾಗ? ಯೇಸು ಮರದ ಕೆಳಗೆ ನಿಂತು ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇರ್ತೇನೆ ಅಂದ ಮೇಲೆ. ಕರೆದದ್ದು ಮೊದಲು, ಪರ್ಸ್ ಬಿಚ್ಚಿದ್ದು ಆಮೇಲೆ. ಕೃಪೆ ಮೊದಲು ಅಂದ್ರೆ ಅಗ್ಗ ಅಂತ ಅಪ್ಪನಿಗೆ ಹೆದರಿಕೆ, ಜಕ್ಕಾಯನಿಗೆ ಏನೂ ಅಗ್ಗ ಆಗ್ಲಿಲ್ಲ.

ಈಗ ಅಸಲು ಕಥೆ, ಪೇರ್ ಮರದ್ದು. ಪೇರಳೆ ಅಲ್ಲ ಅಮ್ಮ, ಮಂಗಳೂರಿನ ಸೂಪರ್ ಮಾರ್ಕೆಟಲ್ಲಿ ಸ್ಟಿಕ್ಕರ್ ಹಚ್ಚಿ ಇಟ್ಟಿರ್ತಾರಲ್ಲ, ಅದು. ಈ ಊರಿನ ಒಂದು ಬದಿ ಒಂಟಾರಿಯೋ ಸರೋವರ, ಇನ್ನೊಂದು ಬದಿ ಗೋಡೆ ಎದ್ದ ಹಾಗೆ ಗುಡ್ಡ, ನಡುವೆ ಚಳಿ ಚೂರು ಕಮ್ಮಿ, ಹಾಗಾಗಿ ಪೀಚು, ಪೇರು, ದ್ರಾಕ್ಷಿ ತೋಟವೇ ತೋಟ. ನಮ್ಮ ಹಿತ್ತಿಲಲ್ಲೂ ಹಳೇ ಮರ ಒಂದುಂಟು. ನಾವು ಬಂದಾಗಿನಿಂದ ನೋಡ್ತಿದ್ದೇನೆ, ಪ್ರತಿ ಮೇ ತಿಂಗಳು ಎಲೆ ಸರಿ ಬಿಚ್ಚುವ ಮೊದಲೇ ಮರ ಪೂರ್ತಿ ಬಿಳಿ ಹೂ, ಒಳಗೆ ಕೇಸರದ ತುದಿ ಮಾತ್ರ ಕೆಂಪು-ನೇರಳೆ, ದೂರದಿಂದ ಬಹಳ ಚಂದ, ಹತ್ತಿರ ಹೋಗಿ ಮೂಗು ಇಟ್ರೆ ಪರಿಮಳ ಅಲ್ಲ, ಸಣ್ಣಕ್ಕೆ ಮೀನಿನ ವಾಸನೆ. ಕುಂಬಳೆ ಪೇಟೆ ನೆನಪಾಗ್ತದೆ. ಹೂ ಉದುರ್ತದೆ, ಕಾಯಿ ಒಂದೂ ಇಲ್ಲ. ಓನರ್ ಬಂದು ನೋಡಿ ಇದು ದಂಡ, ಕಸ ಬೇರೆ, ಕಡಿಸಿಬಿಡ್ತೇನೆ ಅಂದ್ರು.

ಪಕ್ಕದ ಮನೆಯ ಅಜ್ಜ ಮೊದಲು ಪೇರ್ ತೋಟದಲ್ಲಿ ದುಡಿದವರು. ಬೇಲಿ ಹತ್ತಿರ ನಿಂತು ಕೊಂಬೆ ಬಗ್ಗಿಸಿ ನೋಡಿ ಹೇಳಿದ್ರು, ಇದು ಬಾಸ್ಕ್ ಜಾತಿ, ತನ್ನದೇ ಪರಾಗದಿಂದ ಇದು ಕಾಯಿ ಕಟ್ಟೂದಿಲ್ಲ, ಹಿಂದಿನ ಮನೆಯಲ್ಲಿ ಬೇರೆ ಜಾತಿಯದ್ದು ಒಂದಿತ್ತು, ಅದನ್ನು ಅವರು ಕಡಿದ ಮೇಲೆ ಇದು ಹೀಗೆ, ಮರದಲ್ಲಿ ದೋಷ ಎಂತದೂ ಇಲ್ಲ. ಮತ್ತೆ ಈ ಮೇಯಲ್ಲಿ ಹೂ ಬಿಟ್ಟ ವಾರ ಅವರೇ ಎಲ್ಲಿಂದಲೋ ಬಾರ್ಟ್‌ಲೆಟ್ ಜಾತಿಯ ಪೇರಿನ ಹೂವಿನ ಕೊಂಬೆ ಒಂದು ಕಟ್ಟು ಕೊಯ್ದು ತಂದ್ರು, ನಮ್ಮ ನೆಲ ಒರೆಸುವ ಬಕೆಟ್ ಕೇಳಿದ್ರು, ನೀರು ತುಂಬಿಸಿ ಕೊಂಬೆ ಅದರಲ್ಲಿ ನಿಲ್ಲಿಸಿ ಬಕೆಟನ್ನೇ ಮರಕ್ಕೆ ಹಗ್ಗದಲ್ಲಿ ಕಟ್ಟಿಬಿಟ್ರು. ನೀಲಿ ಬಕೆಟು, ಮೇಲೆ ಮದುವೆಮನೆ ಹೂಗುಚ್ಛ, ಮಕ್ಕಳಿಗೆ ನಗುವೋ ನಗು. ಉಳಿದದ್ದು ಜೇನುನೊಣದ ಕೆಲಸ ಅಂದ್ರು. ಅದರಲ್ಲೂ ಒಂದು ರಗಳೆ, ಪೇರ್ ಹೂವಿನ ಮಕರಂದದಲ್ಲಿ ಸಕ್ಕರೆ ಕಮ್ಮಿ, ನೊಣಕ್ಕೆ ಡ್ಯಾಂಡೆಲಿಯನ್ ಹೆಚ್ಚು ಇಷ್ಟ, ಹಾಗೆ ಇವರ ಕಬ್ಬಿಣಕ್ಕೆ ಆ ವಾರ ಎರಡು ಪಟ್ಟು ಕೆಲಸ. ಚಳಿ ಇದ್ರೆ ನೊಣ ಹೊರಗೇ ಬರೂದಿಲ್ಲ, ಪುಣ್ಯಕ್ಕೆ ಎರಡು ದಿನ ಬಿಸಿಲು ಬಂತು.

ಈಗ ಬಕೆಟ್ ಕಟ್ಟಿದ ಬದಿಯ ಕೊಂಬೆಯಲ್ಲಿ ಮಾತ್ರ ಬೆರಳ ತುದಿಯಷ್ಟು ಹಸಿರು ಕಾಯಿ ನಿಂತಿದೆ. ಆಚೆ ಬದಿ ಖಾಲಿ. ಅಷ್ಟು ವರ್ಷ ಆ ಮರ ಹೂ ಬಿಡೂದರಲ್ಲಿ ಎಂತ ಕಮ್ಮಿ ಮಾಡಿತ್ತು ಹೇಳಿ? ಇನ್ನೂ ಹತ್ತು ಪಟ್ಟು ಹೂ ಬಿಟ್ಟಿದ್ರೂ ಕಾಯಿ ಆಗ್ತಿರ್ಲಿಲ್ಲ, ಹೊರಗಿಂದ ಬರ್ಲೇಬೇಕಿತ್ತು. ಎಫೆಸದವರಿಗೆ ಬರೆದದ್ದು ಇದೇ ಅಲ್ವಾ, ಅದು ನಿಮ್ಮಿಂದ ಆದದ್ದಲ್ಲ, ದೇವರ ವರ ಅಂತ. ಹೂವೇ ಅರಳದಿದ್ರೆ ಬಕೆಟ್ ಕಟ್ಟಿ ಎಂತ ಪ್ರಯೋಜನ ಅಂತ ಅಪ್ಪ ಕೇಳ್ಬಹುದು, ನಾನೂ ಅಜ್ಜನ ಹತ್ರ ಅದನ್ನೇ ಕೇಳಿದೆ. ಈ ಮೇಯ ಹೂವಿನ ಮೊಗ್ಗು ಹೋದ ಬೇಸಿಗೆಯಲ್ಲೇ ಕೊಂಬೆಯೊಳಗೆ ಆಗಿರ್ತದಂತೆ, ಇಡೀ ಚಳಿಗಾಲ ಹಿಮದಡಿ ಅದು ಅಲ್ಲೇ ಇರ್ತದೆ, ಬೇಕಾದಷ್ಟು ಚಳಿ ತಾಗದೆ ಅರಳೂದೇ ಇಲ್ಲ. ಅರಳೂದು ಮರವೇ, ಇಲ್ಲ ಅನ್ನೂದಿಲ್ಲ, ಆದ್ರೆ ಅದರ ಹಿಂದೆ ಎಷ್ಟೆಲ್ಲ ಮೊದಲೇ ನಡೆದಿರ್ತದೆ ನೋಡಿ.

ಲೂಕ 13 ಅಪ್ಪನಿಗೆ ಇಷ್ಟದ ಅಧ್ಯಾಯ. ತಿರುಗಿಕೊಳ್ಳದಿದ್ರೆ ನಾಶ ಆಗ್ತೀರಿ ಅಂತ ಯೇಸು ಗಟ್ಟಿಯಾಗೇ ಹೇಳಿದ್ದಾರೆ, ಅದರ ಬೆನ್ನಿಗೇ ಅಂಜೂರದ ಗಿಡದ ಸಾಮ್ಯ. ಮೂರು ವರ್ಷ ಹಣ್ಣಿಲ್ಲ, ಕಡಿ ಅಂತ ಯಜಮಾನ, ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕಿ ನೋಡ್ತೇನೆ ಅಂತ ತೋಟದವನು. ಅಗೆದದ್ದು ಗಿಡ ಅಲ್ಲ. ಅಪ್ಪ, ಮಳೆ ಬಿಟ್ಟ ಮೇಲೆ ನೀವು ಅಡಿಕೆ ಮರದ ಬುಡ ಬಿಡಿಸಿ ಸೊಪ್ಪು, ಹಟ್ಟಿಗೊಬ್ಬರ ಹಾಕ್ತೀರಲ್ಲ, ಯಾವ ಮರ ಚೆನ್ನಾಗಿ ಕೊಟ್ಟಿದೆ ಅಂತ ನೋಡಿ ಹಾಕ್ತೀರಾ? ಮಹಾಳಿ ರೋಗದಲ್ಲಿ ಕಾಯಿ ಪೂರ್ತಿ ಉದುರಿಸಿ ನಿಂತ ಮರಕ್ಕೇ ಒಂದು ಬುಟ್ಟಿ ಜಾಸ್ತಿ ಹಾಕೂದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚಾವಡಿಯಲ್ಲಿ ಮಾತಾಡುವ ಅಪ್ಪ ಬೇರೆ, ತೋಟದಲ್ಲಿ ಗುದ್ದಲಿ ಹಿಡಿದ ಅಪ್ಪ ಬೇರೆ, ನಾನು ನಂಬೂದು ಗುದ್ದಲಿ ಹಿಡಿದವರನ್ನು. ಆ ಗಿಡ ಮುಂದಿನ ವರ್ಷ ಹಣ್ಣು ಕೊಟ್ಟಿತಾ ಅಂತ ಬೈಬಲಲ್ಲಿ ಇಲ್ಲ, ಕೊಡದಿದ್ರೆ ಕಡಿಯಿರಿ ಅಂತ ಉಂಟು, ಅದನ್ನು ಬಿಟ್ಟು ಓದ್ಲಿಕ್ಕೆ ನಾನೂ ತಯಾರಿಲ್ಲ.

ಓನರ್‌ಗೆ ಕಾಯಿಯ ಫೋಟೋ ಕಳಿಸಿದ್ದೇವೆ, ಸದ್ಯಕ್ಕೆ ಮರ ಇರ್ಲಿ ಅಂದಿದ್ದಾರೆ. ಜೂನಲ್ಲಿ ಸ್ವಲ್ಪ ಕಾಯಿ ತಾನಾಗಿಯೇ ಉದುರ್ತದಂತೆ, ಉಳಿದದ್ದಕ್ಕೆ ಅಳಿಲು ಕಾದು ಕೂತಿದೆ, ನಮ್ಮ ಅಳಿಲಿನ ಎರಡು ಪಟ್ಟು ದೊಡ್ಡದು, ಬೆನ್ನಲ್ಲಿ ಗೆರೆ ಇಲ್ಲ, ಮರ್ಯಾದೆಯೂ ಇಲ್ಲ.

ಅಡಿಕೆಗೆ ಮೈಲುತುತ್ತು ಹೊಡೆಯಲಿಕ್ಕೆ ಜನ ಸಿಕ್ಕಿದ್ರಾ? ಎಲೆಚುಕ್ಕಿ ರೋಗ ನಮ್ಮ ಬದಿಗೂ ಬಂತು ಅಂತ ತಮ್ಮ ಹೇಳಿದ, ಕೆಳಗಿನ ತೋಟದಲ್ಲಾ ಮೇಲಿನದ್ದರಲ್ಲಾ ಅಂತ ಸರಿ ಬರೀರಿ. ಜನ ಸಿಗ್ಲಿಲ್ಲ ಅಂತ ಅಪ್ಪ ಮಾತ್ರ ತಳೆ ಕಟ್ಕೊಂಡು ಮರ ಹತ್ತಬಾರದು, ಮಜೂರಿ ಜಾಸ್ತಿ ಆದ್ರೂ ಆಗ್ಲಿ, ನಾನು ಕಳಿಸ್ತೇನೆ. ಅಮ್ಮ, ಜುಲೈಯಲ್ಲಿ ಉಪ್ಪಳದಿಂದ ಬರುವವರೊಬ್ಬರು ಇದ್ದಾರೆ, ಹಲಸಿನ ಹಪ್ಪಳ ಒಂದು ಕಟ್ಟು ಅವರ ಕೈಯಲ್ಲಿ ಕೊಟ್ರೆ ಸಾಕು, ಉಪ್ಪಿನಕಾಯಿ ಬೇಡ, ಹೋದ ಸಲ ಸೂಟ್‌ಕೇಸ್ ಪೂರ್ತಿ ಎಣ್ಣೆ ಆಗಿ ಅವರು ಈಗಲೂ ಹೇಳ್ತಾ ಇರ್ತಾರೆ.

ನಿಮ್ಮ ಪ್ರೀತಿಯ ಮಗಳು