ಮೈಲುತುತ್ತದ ಗಂಟು, ಹೊಂಡದ ಮೀನು

ಮಾನ್ಯ ಸಂಪಾದಕರಿಗೆ,

ನಾನು ತಿಕೋಟಾ ತಾಲ್ಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರ. ಪತ್ರಿಕೆಗೆ ಬರೆದು ರೂಢಿಯಿಲ್ಲ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ತೋಟ ತೋಟದಲ್ಲಿ ಔಷಧಿ ಹೊಡೆಯುವ ಬ್ಲೋವರ್ ಸದ್ದು ಶುರುವಾಗಿದೆ, ಮನೆ ಮನೆಯಲ್ಲಿ ಮೈಲುತುತ್ತದ (ಕಾಪರ್ ಸಲ್ಫೇಟ್) ಚೀಲ ಬಂದು ಬಿದ್ದಿದೆ. ಕಳೆದ ಮಾರ್ಚ್‌ನಲ್ಲಿ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಈಗ ಹೇಳದೆ ಇದ್ದರೆ ಅದು ಇನ್ನೊಬ್ಬರ ಹೊಂಡದಲ್ಲೂ ಆಗುತ್ತದೆ ಎಂದು ಬರೆಯುತ್ತಿದ್ದೇನೆ.

ನಮ್ಮದು ತಾಡಪತ್ರಿ ಹಾಸಿದ ಕೃಷಿ ಹೊಂಡ. ಮುಂಗಾರಿನಲ್ಲಿ ತುಂಬಿದ ಮಳೆ ನೀರು ಬೇಸಿಗೆಯ ತನಕ ಬಳ್ಳಿಗಳನ್ನು ಕಾಯುತ್ತದೆ. ನೀರು ಹೇಗೂ ನಿಂತಿರುತ್ತದಲ್ಲ ಎಂದು ಎರಡು ವರ್ಷದಿಂದ ಅದರಲ್ಲಿ ಕಾಟ್ಲಾ, ರೋಹು, ಸ್ವಲ್ಪ ಮೃಗಾಲ ಮರಿ ಬಿಟ್ಟಿದ್ದೆವು. ಬೆಳಿಗ್ಗೆ ನನ್ನ ತಮ್ಮನ ಮಗ ಶೇಂಗಾ ಹಿಂಡಿ, ಅಕ್ಕಿ ತೌಡು ಕಲಸಿ ದಂಡೆಗೆ ಹೋದರೆ ಸಾಕು, ಅವನ ಹೆಜ್ಜೆ ಸಪ್ಪಳಕ್ಕೇ ನೀರು ಕುದಿಯುವ ಹಾಗೆ ಮೀನು ಮೇಲೆ ಬರುತ್ತಿದ್ದವು. ಮನೆಯ ಹುಡುಗರು ಶಾಲೆಗೆ ಹೋಗುವ ಮೊದಲು ಅದನ್ನು ನೋಡಿಯೇ ಹೋಗುವವರು.

ಮಾರ್ಚ್ ಬಿಸಿಲಿಗೆ ಹೊಂಡದಲ್ಲಿ ಪಾಚಿ ಕಟ್ಟಿತು. ಡ್ರಿಪ್ ಫಿಲ್ಟರ್ ದಿನಕ್ಕೆ ಮೂರು ಸಲ ಬಿಚ್ಚಿ ತೊಳೆಯುವ ತ್ರಾಸ. ಪರಿಚಯದವರೊಬ್ಬರು ಹೇಳಿದರು, "ಮನ್ಯಾಗ ಮೈಲುತುತ್ತ ಉಳದಿದ್ರ ಗೋಣಿಚೀಲದಾಗ ಕಟ್ಟಿ ನೀರಾಗ ಎಳೀರಿ, ಎರಡ ದಿನದಾಗ ಪಾಚಿ ಹೋಗ್ತದ." ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಯ ರೋಗಕ್ಕೆ ಹೊಡೆಯುವ ಅಕ್ಟೋಬರ್‌ನ ಬೋರ್ಡೋ ದ್ರಾವಣಕ್ಕೆ ತಂದದ್ದರಲ್ಲಿ ಐದು ಕಿಲೊ ಉಳಿದಿತ್ತು. ಗೋಣಿಯಲ್ಲಿ ಗಂಟು ಕಟ್ಟಿ, ಹಗ್ಗ ಹಾಕಿ, ಆ ದಂಡೆಯಿಂದ ಈ ದಂಡೆಗೆ ನಾಲ್ಕು ಸಲ ಎಳೆದೆ. ಗಂಟಿನ ಹಿಂದೆ ನವಿಲು ಬಣ್ಣದ ಗೆರೆ ಮೂಡಿ ಕರಗುತ್ತಿತ್ತು. ನಮ್ಮ ನೆರೆಯ ಮರಾಠಿಯವರು ಇದನ್ನು ಮೋರಚೂದ ಎನ್ನುತ್ತಾರೆ. ಅವರ ಮೋರ, ನಮ್ಮ ಮೈಲು, ಎರಡೂ ನವಿಲೇ.

ಮರುದಿನ ಮೀನು ಹಿಂಡಿಗೆ ಬರಲಿಲ್ಲ. ಅದರ ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಹುಡುಗನ ಫೋನ್ ಬಂತು. "ಕಾಕಾ, ಮೀನ ಎಲ್ಲಾ ಮ್ಯಾಲ ಬಂದು ಬಾಯಿ ತೆರ್‍ಯಾಕತ್ತಾವ, ಲಗೂ ಬರ್ರಿ." ಹೋಗಿ ನೋಡಿದರೆ ದಂಡೆಯ ಗುಂಟ ಮೀನು ತೇಲುತ್ತಿದ್ದವು. ಕೆಲವು ಓರೆಯಾಗಿ ಸುತ್ತುತ್ತಿದ್ದವು, ಕೈ ಹಾಕಿದರೂ ಓಡುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಬುಟ್ಟಿಗಟ್ಟಲೆ ಎತ್ತಿ ಹಾಕಿದೆವು.

ಮೀನು ಸಾಕಿ ಅನುಭವವಿರುವ ಹಿರಿಯರೊಬ್ಬರು ಬಂದು ಒಂದು ಕಾಟ್ಲಾದ ಕಿವಿರು ಎತ್ತಿ ತೋರಿಸಿದರು. ಕುಂಕುಮದ ಹಾಗೆ ಕೆಂಪಗೆ ಇರಬೇಕಾದ ಎಸಳುಗಳ ಮೇಲೆ ಬೂದು ಬಣ್ಣದ ಲೋಳೆ ದಪ್ಪಗೆ ಮೆತ್ತಿಕೊಂಡಿತ್ತು. ಬೆರಳಿನಿಂದ ಸವರಿದರೆ ಗಂಜಿಯ ಕೆನೆಯ ಹಾಗೆ ಬರುತ್ತಿತ್ತು. ಉಸಿರು ಕಟ್ಟಿದ ಮೀನು ಬೆಳಗಿನ ಜಾವದಲ್ಲಿ ಮೇಲೆ ಬಂದರೆ ನೀರಿನಲ್ಲಿ ಆಮ್ಲಜನಕ ಕಮ್ಮಿ ಎಂದು ತಿಳಿಯಬಹುದು, ಸುಡುಬಿಸಿಲಿನ ಹೊತ್ತಿನಲ್ಲೂ ಬಾಯಿ ತೆರೆಯುತ್ತಿದ್ದರೆ ಮೊದಲು ಕಿವಿರು ನೋಡಬೇಕು ಎಂದರು. ಪಾಚಿ ಒಮ್ಮೆಲೇ ಸತ್ತು ಕೊಳೆತದ್ದರಿಂದ ಆಮ್ಲಜನಕವೂ ಇಳಿದಿತ್ತು, ಅದೂ ಸೇರಿತು ಎಂದರು.

ಆಮೇಲೆ ತಿಂಗಳುಗಟ್ಟಲೆ ಇದರ ಬಗ್ಗೆ ಓದಿದೆ, ಬಲ್ಲವರನ್ನು ಕೇಳಿದೆ. ಸಿಹಿನೀರಿನಲ್ಲಿ ಉಪ್ಪಿನ ಅಂಶ ಬಹಳ ಕಡಿಮೆ, ಮೀನಿನ ರಕ್ತದಲ್ಲಿ ಜಾಸ್ತಿ. ಹಾಗಾಗಿ ಮೀನಿನ ಮೈಯಿಂದ ಸೋಡಿಯಂ ಸದಾ ಸೋರುತ್ತಲೇ ಇರುತ್ತದೆ, ಕಿವಿರು ಅದನ್ನು ನೀರಿನಿಂದ ಮತ್ತೆ ಎಳೆದು ಒಳಗೆ ತುಂಬುತ್ತಲೇ ಇರುತ್ತದೆ. ಕರಗಿದ ತಾಮ್ರ ಹೋಗಿ ಕೂರುವುದು ಸರಿಯಾಗಿ ಆ ಎಳೆಯುವ ಜಾಗದಲ್ಲಿ. ಸೋರುವುದು ನಿಲ್ಲುವುದಿಲ್ಲ, ತುಂಬುವುದು ನಿಲ್ಲುತ್ತದೆ. ರಕ್ತ ಗಟ್ಟಿಯಾಗುತ್ತದೆ, ಕೊನೆಗೆ ಗುಂಡಿಗೆ ಸೋಲುತ್ತದೆ. ಮೈಯಲ್ಲಿ ಗಾಯವಿಲ್ಲ, ಹುಳವಿಲ್ಲ, ಮೀನು ಮಾತ್ರ ಸತ್ತಿರುತ್ತದೆ. ತಾಮ್ರ ಮೀನಿಗೂ ಬೇಕಾದ ಪೋಷಕಾಂಶವೇ. ಆದರೆ ಬೇಕಾದ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಅಂತರ ತೀರ ಸಣ್ಣದು.

ನನಗೆ ನಿದ್ದೆ ಕೆಡಿಸಿದ್ದು ಒಂದು ಲೆಕ್ಕ. ಆ ದಿನ ಹೊಂಡದಲ್ಲಿ ಸುಮಾರು 10 ಲಕ್ಷ ಲೀಟರ್ ನೀರಿತ್ತು. ಐದು ಕಿಲೊ ಮೈಲುತುತ್ತ ಎಂದರೆ ಲೀಟರಿಗೆ 5 ಮಿಲಿಗ್ರಾಂ. ಮೈಲುತುತ್ತದಲ್ಲಿ ತಾಮ್ರ ಕಾಲು ಪಾಲು, ಅಂದರೆ ಲೀಟರಿಗೆ 1.25 ಮಿಲಿಗ್ರಾಂ ತಾಮ್ರ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕದಲ್ಲಿ ತಾಮ್ರಕ್ಕೆ ಅಪೇಕ್ಷಿತ ಮಿತಿ 0.05 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದಾಗ ಸೈರಿಸಬಹುದಾದ ಮಿತಿ 1.5 ಮಿಲಿಗ್ರಾಂ. ನಮ್ಮ ಮೀನನ್ನು ಕೊಂದ ತಾಮ್ರ, ಮನುಷ್ಯ ಕುಡಿಯಬಹುದು ಎನ್ನುವ ಕೊನೆಯ ಗೆರೆಯ ಒಳಗೇ ಇತ್ತು! ನೀರು ಪರೀಕ್ಷೆಗೆ ಕೊಟ್ಟಿದ್ದರೆ ತಾಮ್ರದ ಮಟ್ಟಿಗೆ ಅಡ್ಡಿಯಿಲ್ಲ ಎಂದೇ ಚೀಟಿ ಬರುತ್ತಿತ್ತೇನೋ. ಮನುಷ್ಯ ನೀರನ್ನು ಕುಡಿಯುತ್ತಾನೆ, ಮೀನು ಅದನ್ನೇ ಉಸಿರಾಡುತ್ತದೆ. ಒಬ್ಬರ ಅಳತೆಗೋಲಿನಿಂದ ಇನ್ನೊಬ್ಬರದನ್ನು ಅಳೆಯಲು ಬರುವುದಿಲ್ಲ.

ಈ ಪತ್ರ ಓದಿದ ಕೆಲವರು "ನಾವೂ ಹಾಕೇವಿ, ನಮ್ಮ ಮೀನಿಗೆ ಏನೂ ಆಗಿಲ್ಲ" ಎನ್ನಬಹುದು. ಊರಲ್ಲಿ ನನಗೆ ಹಾಗೇ ಹೇಳಿದರು. ಅವರು ಹೇಳುವುದು ಸುಳ್ಳಲ್ಲ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶ, ಕ್ಷಾರ ತಾಮ್ರಕ್ಕೆ ಅಡ್ಡ ನಿಂತು ಮೀನನ್ನು ಕಾಯುತ್ತವೆ, ಕೆರೆಯ ಮಣ್ಣು ಕೂಡ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನೀರು ಮೆದು. ಮೇಲಾಗಿ ತಾಡಪತ್ರಿ ಹಾಸಿದ ಹೊಂಡದಲ್ಲಿ ತಾಮ್ರವನ್ನು ಹಿಡಿಯಲು ಮಣ್ಣೇ ಇಲ್ಲ. ಒಬ್ಬನ ಹೊಂಡದಲ್ಲಿ ಬದುಕಿದ ಮೀನು ಇನ್ನೊಬ್ಬನ ಹೊಂಡದಲ್ಲಿ ಅದೇ ಪ್ರಮಾಣಕ್ಕೆ ಸಾಯುವುದು ಇದಕ್ಕೇ. ಮೀನು ಸಾಕಣೆಯಲ್ಲಿ ಮೈಲುತುತ್ತ ಬಳಸುವುದೇ ಇಲ್ಲವೆಂದಲ್ಲ. ಬಳಸುವವರು ಮೊದಲು ನೀರಿನ ಕ್ಷಾರತೆಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆದು, ಬಂದ ಸಂಖ್ಯೆಯನ್ನು ನೂರರಿಂದ ಭಾಗಿಸಿ, ಲೀಟರಿಗೆ ಅಷ್ಟೇ ಮಿಲಿಗ್ರಾಂ ಹಾಕುತ್ತಾರೆ. ಕ್ಷಾರತೆ 50ಕ್ಕಿಂತ ಕಡಿಮೆಯಿದ್ದರೆ ಮುಟ್ಟುವುದೇ ಇಲ್ಲ. ನೂರು ಬಂದರೂ ನನ್ನ ಹೊಂಡಕ್ಕೆ ಒಂದು ಕಿಲೊ ಮಾತ್ರ. ಅದನ್ನೂ ಒಂದೇ ದಿನ ಇಡೀ ಹೊಂಡಕ್ಕೆ ಹಾಕಿದರೆ ಪಾಚಿ ಕೊಳೆತು ಉಸಿರು ಕಟ್ಟುವ ಅಪಾಯ ಇದ್ದೇ ಇದೆ. ನಾನು ಹಾಕಿದ್ದು ಐದು ಕಿಲೊ, ಅಳೆಯದೆ.

ಸತ್ತ ಮೀನು ಕಣ್ಣಿಗೆ ಕಾಣುತ್ತದೆ. ಸಾಯದ ಮೀನಿಗೆ ಆಗುವುದು ಕಾಣುವುದಿಲ್ಲ. ಲೀಟರಿಗೆ ಕೆಲವೇ ಮೈಕ್ರೊಗ್ರಾಂ, ಅಂದರೆ ಮಿಲಿಗ್ರಾಮಿನ ಸಾವಿರದ ಭಾಗಗಳಲ್ಲಿ ಅಳೆಯುವಷ್ಟು ತಾಮ್ರವೇ ಸಾಲ್ಮನ್ ಜಾತಿಯ ಮೀನುಗಳ ಮೂಗನ್ನು ಮಂಕು ಮಾಡುತ್ತದೆ ಎಂದು ಸಂಶೋಧಕರು ತೋರಿಸಿದ್ದಾರೆ. ಮೀನಿಗೆ ಮೂಗು ಎಂದರೆ ಅರ್ಧ ಬದುಕು. 1938ರಲ್ಲೇ ಕಾರ್ಲ್ ವಾನ್ ಫ್ರಿಶ್ ಎಂಬ ವಿಜ್ಞಾನಿ ನಮ್ಮ ಕಾಟ್ಲಾ, ರೋಹುಗಳಂಥ ಗೆಂಡೆಗಳ ಬಳಗಕ್ಕೇ ಸೇರಿದ ಒಂದು ಸಣ್ಣ ಮೀನಿನಲ್ಲಿ ಕಂಡದ್ದು ಹೀಗೆ: ಒಂದರ ಚರ್ಮಕ್ಕೆ ಗಾಯವಾದರೆ ಅದರಿಂದ ಹೊರಟ ವಾಸನೆಗೆ ಉಳಿದ ಮೀನೆಲ್ಲ ದಿಕ್ಕಾಪಾಲಾಗಿ ಓಡುತ್ತವೆ. ಆ ಎಚ್ಚರಿಕೆ ಮೂಗಿಗೆ ತಲುಪದ ಮೀನು ಬದುಕಿದ್ದರೂ ಬೇಟೆಗೆ ಸಿದ್ಧವಾದ ಮೀನು. ಮೊಟ್ಟೆ, ಮರಿಗಳಂತೂ ದೊಡ್ಡ ಮೀನಿಗಿಂತ ಬೇಗ ಸಾಯುತ್ತವೆ. ಮರಿಗಳು ತಿನ್ನುವ ನೀರುಚಿಗಟಗಳೆಂಬ ಸಣ್ಣ ಜೀವಿಗಳು ಅದಕ್ಕೂ ಮೊದಲೇ ಹೋಗುತ್ತವೆ.

ಹೊಂಡ ನನ್ನದು, ನಷ್ಟವೂ ನನ್ನದು, ಅದು ಹೋಗಲಿ. ಕೆರೆ ಹಾಗಲ್ಲ. ಕೃಷ್ಣೆಯ ನೀರು ಏತ ನೀರಾವರಿಯಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬಂದ ಮೇಲೆ, ವರ್ಷಗಟ್ಟಲೆ ಒಣಗಿ ಬಿರುಕು ಬಿಟ್ಟಿದ್ದ ಕೆರೆಗಳಲ್ಲಿ ಈಗ ಬಲೆ ಬೀಸುವವರು ಕಾಣುತ್ತಾರೆ. ಅದೇ ಕೆರೆಯ ದಂಡೆಗೆ ಟ್ರ್ಯಾಕ್ಟರ್ ತಂದು ಬ್ಲೋವರ್ ಟ್ಯಾಂಕ್ ತುಂಬುತ್ತೇವೆ, ಸಂಜೆ ಅಲ್ಲೇ ತೊಳೆಯುತ್ತೇವೆ. ನಾನೂ ತೊಳೆದಿದ್ದೇನೆ. ಶೇಕಡಾ 1ರ ಬೋರ್ಡೋ 20 ಲೀಟರ್ ಉಳಿದಿದ್ದರೆ ಅದರಲ್ಲಿ 200 ಗ್ರಾಂ ಮೈಲುತುತ್ತ, ಅಂದರೆ 50 ಗ್ರಾಂ ತಾಮ್ರ. ಸುಣ್ಣ ಬೆರೆತದ್ದರಿಂದ ಅದು ಒಮ್ಮೆಲೇ ಕರಗುವುದಿಲ್ಲ ಎಂಬುದು ಸಮಾಧಾನ. ಆದರೆ ಸುಣ್ಣ ಕಮ್ಮಿ ಬಿದ್ದಿದ್ದರೆ? ಕುಡುಗೋಲಿನ ಅಲಗು ಅದ್ದಿ, ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುವುದು ಹಿರಿಯರು ಕಲಿಸಿದ ಪದ್ಧತಿ. ಗಡಿಬಿಡಿಯಲ್ಲಿ ಈಗ ಎಷ್ಟು ಜನ ಅದ್ದಿ ನೋಡುತ್ತೇವೆ? ಇನ್ನು ಕ್ರಿಮಿನಾಶಕದ ಹಾಗೆ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಹೋದದ್ದು ಕೆಸರಿನಲ್ಲಿ ಕೂತೇ ಇರುತ್ತದೆ, ವರ್ಷ ವರ್ಷ ಅದರ ಮೇಲೆ ಇನ್ನಷ್ಟು ಕೂರುತ್ತದೆ.

ಬೋರ್ಡೋ ಬಿಡಿ ಎಂದು ನಾನು ಹೇಳುವುದಿಲ್ಲ. ಚಾಟ್ನಿಯ ಮೇಲೆ ಮಳೆ ಹಿಡಿದರೆ ಡೌನಿ ರೋಗ ನಾಲ್ಕು ದಿನದಲ್ಲಿ ವರ್ಷದ ಅನ್ನ ತಿನ್ನುತ್ತದೆ, ಅದನ್ನು ಅನುಭವಿಸಿದವನು ನಾನು. ಆದರೆ 1885ರ ಸುಮಾರಿಗೆ ಈ ದ್ರಾವಣವನ್ನು ಜಗತ್ತಿಗೆ ಕೊಟ್ಟ ಫ್ರಾನ್ಸೇ ಇವತ್ತು ಅದಕ್ಕೆ ಲೆಕ್ಕ ಇಟ್ಟಿದೆ. ಯುರೋಪಿಯನ್ ಒಕ್ಕೂಟದಲ್ಲಿ 2019ರಿಂದ ಒಂದು ಹೆಕ್ಟೇರಿಗೆ 7 ವರ್ಷಕ್ಕೆ ಒಟ್ಟು 28 ಕಿಲೊ ತಾಮ್ರಕ್ಕಿಂತ ಹೆಚ್ಚು ಹೊಡೆಯುವ ಹಾಗಿಲ್ಲ. ನಾವು ಒಂದು ಎಕರೆಗೆ ವರ್ಷಕ್ಕೆ ಎಷ್ಟು ಹೊಡೆಯುತ್ತೇವೆ ಎಂದು ವಹಿಯಲ್ಲಿ ಬರೆದಿಟ್ಟವರು ನಮ್ಮ ಊರಲ್ಲಿ ನನಗೆ ಸಿಕ್ಕಿಲ್ಲ. ನಾನೂ ಈ ವರ್ಷದಿಂದಲೇ ಶುರು ಮಾಡಿದ್ದು.

ತೋಟಗಾರಿಕೆ ಇಲಾಖೆಯವರು ಬಳ್ಳಿಯ ಬಗ್ಗೆ ಹೇಳುತ್ತಾರೆ, ಮೀನುಗಾರಿಕೆ ಇಲಾಖೆಯವರು ಮೀನಿನ ಬಗ್ಗೆ ಹೇಳುತ್ತಾರೆ. ನನ್ನ ಹೊಲದಲ್ಲಿ ಬಳ್ಳಿಗೂ ಮೀನಿಗೂ ನಡುವೆ ಇಪ್ಪತ್ತು ಹೆಜ್ಜೆ. ಚಾಟ್ನಿಗೆ ಮುಂಚೆ ನಡೆಯುವ ರೈತರ ತರಬೇತಿಗೆ ಎರಡೂ ಇಲಾಖೆಯವರು ಒಟ್ಟಿಗೆ ಬರಲಿ. ಹೊಂಡಕ್ಕೆ ಸಹಾಯಧನ ಕೊಡುವಾಗ ಬೇಲಿಯ ಬಗ್ಗೆ ಹೇಳುವಂತೆ ಮೈಲುತುತ್ತದ ಬಗ್ಗೆಯೂ ಎರಡು ಸಾಲು ಹೇಳಲಿ. ಮೀನು ಬಿಟ್ಟ ಕೆರೆಗಳ ನೀರನ್ನು ವರ್ಷಕ್ಕೊಮ್ಮೆಯಾದರೂ, ಔಷಧಿ ಹೊಡೆಯುವ ಹಂಗಾಮು ಮುಗಿದ ಮೇಲೆ, ತಾಮ್ರ ಮತ್ತು ಕ್ಷಾರತೆಗೆ ಪರೀಕ್ಷಿಸಿ ಸಂಖ್ಯೆಯನ್ನು ಪಂಚಾಯಿತಿಯ ಗೋಡೆಗೆ ಬರೆಸಲಿ. ಕೆರೆಯಿಂದ ದೂರ, ಊರಿಗೊಂದು ಕಡೆ ಟ್ಯಾಂಕ್ ತೊಳೆಯುವ ಜಾಗ ಮಾಡಿಕೊಳ್ಳುವುದಕ್ಕಂತೂ ಸರಕಾರವೇ ಬರಬೇಕಾಗಿಲ್ಲ. ಔಷಧಿ ಅಂಗಡಿಯವರಿಗೆ ನನ್ನ ಕೋರಿಕೆ ಒಂದೇ: ಚಾಟ್ನಿ ಹಂಗಾಮಲ್ಲದ ಹೊತ್ತಿನಲ್ಲಿ ಯಾರಾದರೂ ಮೈಲುತುತ್ತ ಕೇಳಿದರೆ, "ಹೊಂಡಕ್ಕೇನ್ರಿ? ಮೀನ ಅದಾವೇನ್ರಿ?" ಎಂದು ಕೇಳಿ ಕೊಡಿ.

ಹೊಂಡ ಖಾಲಿ ಮಾಡಿ, ತಾಡಪತ್ರಿ ತೊಳೆದು, ಈ ಮಳೆಗಾಲದಲ್ಲಿ ಹೊಸ ನೀರು ತುಂಬಿಸಿದ್ದೇವೆ. ಪಾಚಿ ಕಮ್ಮಿಯಾಗಲೆಂದು ಅರ್ಧಕ್ಕೆ ನೆರಳು ಬಲೆ ಕಟ್ಟಿದ್ದೇವೆ, ಗೊಬ್ಬರದ ನೀರು ಹರಿದು ಒಳಗೆ ಬರದಂತೆ ಬದು ಹಾಕಿದ್ದೇವೆ, ಫಿಲ್ಟರನ್ನು ಕೈಯಿಂದಲೇ ತೊಳೆಯುತ್ತೇವೆ. ಕಳೆದ ತಿಂಗಳು ಮತ್ತೆ ಮರಿ ಬಿಟ್ಟೆವು. ಇನ್ನೂ ಬೆರಳುದ್ದ ಇವೆ, ಹಿಂಡಿಗೆ ಬರುತ್ತಿವೆ. ಆ ಗೋಣಿಚೀಲವನ್ನು ನಾನು ಎಸೆದಿಲ್ಲ. ಪಂಪ್‌ಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಅದರ ನೀಲಿ ಇನ್ನೂ ಹೋಗಿಲ್ಲ.

ಇತಿ,
ಒಬ್ಬ ದ್ರಾಕ್ಷಿ ಬೆಳೆಗಾರ
ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ